ಅದು ಇದಕ್ಕೆ ಕೂರಲ್ಲ

ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಸೀಟು ಎನ್ನುವುದು ಕೂತವನದಲ್ಲ, ಟವೆಲ್ಲು ಹಾಕಿದವನದು. ಈ ಕಾನೂನು ಯಾವ ರೈಲ್ವೆ ಪುಸ್ತಕದಲ್ಲೂ ಇಲ್ಲ, ಆದರೂ ಇದನ್ನು ಮುರಿಯುವ ಧೈರ್ಯ ಯಾರಿಗೂ ಇಲ್ಲ. ಚಾಂಪಿಯನ್, ಊರಿಗಾಂ, ಕೋರಮಂಡಲ್‌ಗಳಲ್ಲಿ ಹತ್ತುವವರು ತಮಗೊಂದು ಸೀಟು ಹಿಡಿದು, ಮುಂದೆ ಬಂಗಾರಪೇಟೆಯಲ್ಲಿ ಹತ್ತುವ ತಮ್ಮವರಿಗಾಗಿ ಪಕ್ಕದ್ದರ ಮೇಲೆ ಟವೆಲ್ಲೋ ಟಿಫಿನ್ ಚೀಲವೋ ಇಡುತ್ತಾರೆ. ಏನೂ ಸಿಗದ ದಿನ ಕಾಲಿನ ಒಂದು ಚಪ್ಪಲಿಯಾದರೂ ಆದೀತು. ಬಂಗಾರಪೇಟೆಯಲ್ಲಿ ನುಗ್ಗುವ ಜನ ಆ ಟವೆಲ್ಲಿಗೆ ಮೂರು ಭಾಷೆಯಲ್ಲಿ ಬೈಯುತ್ತಾರೆ, ಎತ್ತುವುದು ಮಾತ್ರ ಇಲ್ಲ.

ಸೆಲ್ವರಾಜನ ಟವೆಲ್ಲು ನೀಲಿ ಅಂಚಿನದು. ಅದು ಹಿಡಿಯುತ್ತಿದ್ದದ್ದು ಸುಕನ್ಯಳ ಸೀಟನ್ನು.

ಸೆಲ್ವರಾಜ್ ಊರಿಗಾಮಿನ ಗಣಿ ಕಾರ್ಮಿಕರ ಲೈನ್ ಮನೆಯ ಹುಡುಗ. ಊರಿಗಾಂ ಎಂದು ಹೆಸರಿದ್ದರೂ ಊರಿಗೆ ಆಗುವಷ್ಟು ಕೆಲಸ ಆ ಊರಿನಲ್ಲಿಲ್ಲ. ಹಾಗಾಗಿ ಬಿಸಿಎ ಮುಗಿಸಿ, ಬೆಂಗಳೂರು ಕಂಟೋನ್ಮೆಂಟಿನ ಹತ್ತಿರ ಆಫೀಸುಗಳ ಕಂಪ್ಯೂಟರ್ ರಿಪೇರಿ ಮಾಡುವ ಸಣ್ಣ ಕಂಪನಿಯೊಂದಕ್ಕೆ ದಿನಾ ಹೋಗಿಬರುತ್ತಿದ್ದ. ಕೈ ಕೆಲಸಕ್ಕೆ ಹುಟ್ಟಿದ್ದರೆ ಬಾಯಿ ಅಣಕಕ್ಕೆ ಹುಟ್ಟಿತ್ತು. ಸ್ಟೇಷನ್ನಿನಲ್ಲಿ ಗಾಡಿ ತಡ ಎಂದು ಹೇಳುವ ಹೆಂಗಸಿನ ದನಿಯಲ್ಲಿ ಅವನು, "ಪ್ರಯಾಣಿಕರ ಗಮನಕ್ಕೆ, ಜಯರಾಮಪ್ಪನವರ ಎಲೆಗಳು ಇನ್ನೂ ಬಂದಿಲ್ಲ, ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ," ಎಂದರೆ ಇಸ್ಪೀಟಾಡುವವರೆಲ್ಲ ಎಲೆ ಕೆಳಗಿಟ್ಟು ನಗುತ್ತಿದ್ದರು. ಜಯರಾಮಪ್ಪ ಕೋರಮಂಡಲ್‌ನಲ್ಲಿ ಹತ್ತುವ ಹಿರಿಯರು. ಬೆಂಗಳೂರಿನಲ್ಲಿ ವಕೀಲರ ಗುಮಾಸ್ತಿಕೆ, ಬಿಡುವಿನಲ್ಲಿ ಜಾತಕ ಹೊತ್ತು ಮದುವೆ ಕೂಡಿಸುವ ಕೆಲಸ.

ಸುಕನ್ಯ ಬಂಗಾರಪೇಟೆಯ ದೇಶಿಹಳ್ಳಿಯವಳು. ವೈಟ್‌ಫೀಲ್ಡಿನ ಆಸ್ಪತ್ರೆಯೊಂದರಲ್ಲಿ ಬಿಲ್ಲು ಹಾಕುವ ಕೌಂಟರಿನಲ್ಲಿ ಕೂರುತ್ತಿದ್ದಳು. ರೈಲಿನಲ್ಲಿ ಫೋನಿನ ಆಟ ಆಡುತ್ತಾಳೆಂದರೆ ಗೆಲ್ಲುವುದಕ್ಕಲ್ಲ. ಆಟದೊಳಗಿನ ಮನುಷ್ಯನನ್ನು ಗೋಡೆಗೆ ಗುದ್ದಿಸುವಳು, ಬೈಕನ್ನು ಹಿಂದುಹಿಂದಕ್ಕೆ ಓಡಿಸಿ ಸೇತುವೆಯೊಳಗೆ ತೂರಿಸುವಳು. ಆಟ ಮಾಡಿದವರು ಎಲ್ಲಿ ಎಡವಿದ್ದಾರೆಂದು ಹುಡುಕುವುದೇ ಅವಳ ಆಟ. ಹೀಗೆ ಸಿಕ್ಕಿದ ತಪ್ಪುಗಳನ್ನು ಬರೆದು ಕಳಿಸಿ ಕಳಿಸಿ, ಬೆಂಗಳೂರಿನ ಸಣ್ಣದೊಂದು ಗೇಮ್ ಕಂಪನಿಯವರು ಅವಳನ್ನು ಗುರುತಿಟ್ಟುಕೊಂಡಿದ್ದರು.

ಜೂನ್ ತಿಂಗಳ ಒಂದು ಬೆಳಿಗ್ಗೆ ಅವಳು ಟವೆಲ್ಲು ಮಡಿಸಿ ಅವನ ತೊಡೆಯ ಮೇಲಿಟ್ಟು ಕೂತವಳೇ ಹೇಳಿದಳು.

"ಸೆಲ್ವ, ನಂಗೊಂದು ಗೇಮಿಂಗ್ ಕಂಪ್ಯೂಟ್ರು ಜೋಡಿಸ್ಕೊಡ್ಬೇಕು ನೀನು. ಐವತ್ತೈದು ಸಾವ್ರ ಐತೆ. ಅದರ ಮ್ಯಾಲೆ ಒಂದು ಪೈಸಾ ಇಲ್ಲ."

"ಯಾರಿಗಮ್ಮಾ? ನಿಮ್ಮಮ್ಮ ನಾರಾಯಣಮ್ಮನವರು ರೇಸ್ ಓಡಿಸ್ತಾರಾ?"

"ತಮಾಷೆ ಬಿಡು. ಆ ಕಂಪನಿಯೋರು ಕೆಲ್ಸ ಕೊಡ್ತಾರಂತೆ. ಆಟ ಪರೀಕ್ಷೆ ಮಾಡೋದು, ಮನೇಲೇ ಕೂತ್ಕೊಂಡು. ಮೆಷಿನ್ ಮಾತ್ರ ನಮ್ದೇ ಇರ್ಬೇಕು, ಇಷ್ಟಿಷ್ಟು ತಾಕತ್ತಿರ್ಬೇಕು ಅಂದವ್ರೆ. ಕಾರ್ತೀಕ ಮುಗಿಯೋದ್ರೊಳ್ಗೆ ತೋರ್ಸಿದ್ರೆ ಆಯ್ತು."

"ಕಾರ್ತೀಕಾನಾ? ಅಷ್ಟೊತ್ತಿಗೆ ಎರಡು ಮೆಷಿನ್ ಜೋಡಿಸ್ಬೋದು."

ಸುಕನ್ಯ ಕಿಟಕಿಯ ಕಡೆ ನೋಡಿದಳು. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. "ನಮ್ಮನೆ ಬಾಗ್ಲಲ್ಲಿ ಬಿಸ್ಲು ಬೀಳೋದ್ನ ಭಾನುವಾರ ಬಿಟ್ರೆ ನಾನು ನೋಡೇ ಇಲ್ಲ ಕಣೋ. ಕತ್ಲಲ್ಲಿ ಓಗ್ತೀನಿ, ಕತ್ಲಲ್ಲಿ ಬತ್ತೀನಿ. ಆ ಮೆಷಿನ್ ಒಂದು ಬಂದ್ರೆ ಈ ಟ್ರೈನಿಗೆ ಒಂದು ದೊಡ್ಡ ನಮಸ್ಕಾರ."

ಗಾಡಿ ಟೇಕಲ್ ದಾಟಿ ಮಾಲೂರಿಗೆ ಬರುವಷ್ಟರಲ್ಲಿ ಸೆಲ್ವರಾಜನ ತಲೆಯಲ್ಲಿ ಪೂರ್ತಿ ಸೆಟ್ಟು ಕೂಡಿಹೋಗಿತ್ತು. ಪ್ರೊಸೆಸರ್ ಇಂಥದ್ದು, ಅದು ಕೂರುವ ಮದರ್‌ಬೋರ್ಡ್ ಇಂಥದ್ದು, ಬೋರ್ಡು ಒಪ್ಪುವ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್ ಇಂಥದ್ದು, ಗ್ರಾಫಿಕ್ಸ್ ಕಾರ್ಡು, ಅದಕ್ಕೆ ಸಾಕಾಗುವ ಪವರ್ ಸಪ್ಲೈ, ಎಲ್ಲವನ್ನೂ ಹೊಟ್ಟೆಯೊಳಗಿಟ್ಟುಕೊಳ್ಳುವ ಕ್ಯಾಬಿನೆಟ್ಟು. ಐವತ್ತೈದರೊಳಗೇ ಮುಗಿದು, ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಇಬ್ಬರೂ ಮಸಾಲೆದೋಸೆ ತಿನ್ನುವಷ್ಟು ಮಿಗುತ್ತಿತ್ತು. ಹೇಳಲೆಂದೇ ಬಾಯಿ ತೆರೆದ. ಆಗ ಆ 'ದೊಡ್ಡ ನಮಸ್ಕಾರ' ನೆನಪಾಯಿತು. ಟವೆಲ್ಲು ಹಾಸಿದ ಸೀಟು ಇರುತ್ತದೆ, ಬಂಗಾರಪೇಟೆ ಬರುತ್ತದೆ, ಹತ್ತುವವಳು ಇರುವುದಿಲ್ಲ.

"ನೋಡ್ಬೇಕು ಸುಕನ್ಯಾ," ಎಂದ. "ಇದು ಅಷ್ಟು ಈಸಿ ಇಲ್ಲ. ಒಂದು ತಗೊಂಡ್ರೆ ಇನ್ನೊಂದಕ್ಕೆ ಕೂರಲ್ಲ."

ಎದುರಿನ ಸೀಟಿನಿಂದ ಜಯರಾಮಪ್ಪನವರು ಎಲೆಯ ಮೇಲಿಂದ ಕಣ್ಣೆತ್ತಿದರು. "ಏನಪ್ಪಾ ಅದು, ಕಂಪ್ಯೂಟ್ರಿಗೂ ಜಾತಕಾನಾ?"

"ಊಂ ಅಣ್ಣ. ಸಾಕೆಟ್ಟು ಅಂತ ಇರುತ್ತೆ, ಅದೇ ಗೋತ್ರ. ಆದ್ರೆ ನಿಮ್ದಕ್ಕೆ ಉಲ್ಟಾ. ಇಲ್ಲಿ ಇಬ್ರದೂ ಒಂದೇ ಗೋತ್ರ ಇದ್ರೇನೇ ಮದುವೆ."

"ಅಯ್ಯಯ್ಯೋ ರಾಮಾ! ಮತ್ತೆ ಈ ಮದರ್‌ಬೋರ್ಡು ಅಂದ್ರೆ ಅತ್ತೇನಾ?"

"ಅತ್ತೆ ಅಣ್ಣ. ಅವಳು ಒಪ್ಪಿದ್ರೆ ಮನೇಲಿ ಎಲ್ಲಾ ಕೂತ್ಕೋತಾರೆ. ಒಪ್ಪದಿದ್ರೆ ಎಲ್ಲಾ ಎದ್ದು ಓಗ್ತಾರೆ."

ಡಬ್ಬಿಯೆಲ್ಲ ನಕ್ಕಿತು. ಸುಕನ್ಯ ಎಲ್ಲರಿಗಿಂತ ಹೆಚ್ಚು ನಕ್ಕಳು. ಅವಳನ್ನು ನಗಿಸಿದ ಖುಷಿಯಲ್ಲಿ, ತಾನು ಈಗಷ್ಟೇ ಸುಳ್ಳು ಹೇಳಿದೆನೆಂಬುದು ಸೆಲ್ವರಾಜನಿಗೆ ಸುಳ್ಳಿನ ಹಾಗೆ ಕಾಣಲೇ ಇಲ್ಲ. ಒಂದು ವಾರ ತಡವಾದರೆ ಏನು ಮುಳುಗುತ್ತದೆ?

ಆ ವಾರ ಕಳೆದ ಮೇಲೆ ಆಷಾಢ ಬಂತು. ಆಷಾಢದಲ್ಲಿ ಹೊಸದು ಕೊಳ್ಳುವುದು ನಾರಾಯಣಮ್ಮನವರಿಗೆ ಆಗದು ಎಂಬುದು ಸೆಲ್ವರಾಜನಿಗೆ ಚೆನ್ನಾಗಿ ಗೊತ್ತಿತ್ತು. ತನಗೆ ಅದರಲ್ಲಿ ಕಾಸಿನಷ್ಟೂ ನಂಬಿಕೆಯಿಲ್ಲದಿದ್ದರೂ, "ಮದರ್‌ಬೋರ್ಡು ಒಪ್ಪಿದ್ರೂ ಮದರ್ ಒಪ್ಬೇಕಲ್ಲ," ಎಂದು ತಾನೇ ನೆನಪಿಸಿದ. ಸುಕನ್ಯ ಹಣೆ ಚಚ್ಚಿಕೊಂಡು ಶ್ರಾವಣಕ್ಕೆ ಮುಂದೂಡಿದಳು.

ಶ್ರಾವಣದಲ್ಲಿ ಅವಳು ಗ್ರಾಫಿಕ್ಸ್ ಕಾರ್ಡನ್ನೂ, ಅಗ್ಗದ ಚಿಕ್ಕದೊಂದು ಕ್ಯಾಬಿನೆಟ್ಟನ್ನೂ ತಾನೇ ನೋಡಿ ತರಿಸಿಕೊಂಡಳು. ಅಳತೆ ನೋಡುವ ನೆಪದಲ್ಲಿ ಭಾನುವಾರ ಟೇಪು ಹಿಡಿದುಕೊಂಡು ಸೆಲ್ವರಾಜ್ ದೇಶಿಹಳ್ಳಿಗೆ ಹೋದ. ಸುಕನ್ಯಳ ತಾಯಿ ನಾರಾಯಣಮ್ಮ ಮುದ್ದೆಯ ಮೇಲೆ ಮುದ್ದೆ ಬಡಿಸಿದರು.

"ತಿನ್ನಪ್ಪಾ, ಟೇಪು ಇಡ್ಕೊಂಡು ಬಂದಿದ್ದೀಯ, ಒಟ್ಟೆ ಅಳತೆ ನಾನು ನೋಡ್ತೀನಿ. ಅಲ್ಲಾ, ಈ ಡಬ್ಬಿಗೆ ಒಂದು ಕಡೆ ಗಾಜು ಯಾಕಿಲ್ಲ? ಪಕ್ಕದ್ಮನೇದ್ರಲ್ಲಿ ಐತಲ್ಲ, ಟಿವಿ ತರಾ?"

"ಇದು ಚಿಕ್ಕದು ಅಮ್ಮ. ದೊಡ್ಡದಕ್ಕೆ ಗಾಜು ಬರುತ್ತೆ."

"ದೊಡ್ಡದೇ ತರ್ಸು. ನಾಳೆ ಏನಾನಾ ಕೆಟ್ಟೋದ್ರೂ ಷೋಕೇಸಿಗಾದ್ರೂ ಆಯ್ತದೆ."

ಬಾಗಿಲಲ್ಲಿ ಬಿಸಿಲು ಬಿದ್ದಿತ್ತು. ಸುಕನ್ಯ ಹೊಸಿಲ ಮೇಲೆ ಕಾಲು ಚಾಚಿ ಕೂತು, ಆ ಬಿಸಿಲಿನಲ್ಲಿ ಪಾದ ಇಟ್ಟುಕೊಂಡಿದ್ದಳು. ಸೆಲ್ವರಾಜ್ ಕಾರ್ಡಿನ ಉದ್ದ ಅಳೆದ, ಕ್ಯಾಬಿನೆಟ್ಟಿನ ಒಳಗನ್ನು ಅಳೆದ. ಕಾರ್ಡು ಕೂತು ಇನ್ನೂ ಜಾಗ ಮಿಗುತ್ತಿತ್ತು. ಟೇಪು ಸರ್ರನೆ ಒಳಗೆ ಬಿಟ್ಟು, "ಕೂರಲ್ಲ," ಎಂದ. "ಇದನ್ನ ವಾಪಸ್ ಕಳಿಸಿ, ದೊಡ್ಡದು ತರಿಸೋಣ."

ವಾಪಸ್ಸು ಹೋಗಿ ಗಾಜಿನ ಡಬ್ಬಿ ಬರುವಷ್ಟರಲ್ಲಿ ಗಣಪತಿ ಬಂದು ನೀರಿಗೂ ಹೋಗಿದ್ದ. ಅಷ್ಟು ದಿನವೂ ಬೆಳಿಗ್ಗೆ ಟವೆಲ್ಲು, ಬಂಗಾರಪೇಟೆ, ಸುಕನ್ಯ, ವೈಟ್‌ಫೀಲ್ಡಿನ ತನಕ ಕಂಪ್ಯೂಟರಿನ ಪಾಠ. ಅವಳು ಒಂದು ಸಲ ಕೇಳಿದ್ದನ್ನು ಮರೆಯುವವಳಲ್ಲ. ನಾಲ್ಕನೇ ತಲೆಮಾರಿನ ರ‍್ಯಾಮಿಗೂ ಐದನೇ ತಲೆಮಾರಿನದಕ್ಕೂ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ ಎಂದು ಅವನು ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ತೋರಿಸಿದಾಗ, "ಅಂದ್ರೆ ಎಮ್ಮೆ ಕೊಂಬು ಮೇಕೆಗೆ ಆಗಲ್ಲ," ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು.

ದಸರಾ ಹೊತ್ತಿಗೆ ಅವನು ಕೊನೆಯ ಆಟ ಹೂಡಿದ. "ನಾಲ್ಕನೇ ತಲೆಮಾರಿನ ಹಳೇ ಬೋರ್ಡು ಬೇಡ ಸುಕನ್ಯಾ. ಐದನೇ ತಲೆಮಾರಿಂದೇ ಹಾಕ್ಬಿಡೋಣ. ನಾಳೆಗೂ ಆಗುತ್ತೆ." ಮಾತು ಸುಳ್ಳಲ್ಲ, ಹೊಸ ಬೋರ್ಡು ಒಳ್ಳೆಯದೇ. ಅವಳ ಕೆಲಸಕ್ಕೆ ಮಾತ್ರ ಅದು ಬೇಕಿರಲಿಲ್ಲ. ಬೇಕಿದ್ದದ್ದು ಅವನಿಗೆ, ಇನ್ನೂ ಸ್ವಲ್ಪ ದಿನ. ಹಬ್ಬದ ಆಫರಿನಲ್ಲಿ ಹೊಸ ಬೋರ್ಡು, ಹೊಸ ಪ್ರೊಸೆಸರ್, ಪವರ್ ಸಪ್ಲೈ ಎಲ್ಲ ಬಂದವು.

"ರ‍್ಯಾಮೂ ಈಗ್ಲೇ ತಗೊಂಬಿಡೋಣ್ವಾ?" ಎಂದು ಅವಳು ಕೇಳಿದಳು.

"ದೀಪಾವಳಿಗೆ ಇಳಿಯುತ್ತೆ. ರ‍್ಯಾಮ್ ಇಲ್ಲದೆ ಆರಾಮ್ ಇಲ್ಲ ಅಂತಾರೆ, ನೀನು ಆರಾಮಾಗಿರು."

ದೀಪಾವಳಿಗೆ ರ‍್ಯಾಮು ಇಳಿಯಲಿಲ್ಲ, ಏರಿತು. ಎಐ ನಡೆಸುವ ದೊಡ್ಡ ದೊಡ್ಡ ಕಂಪನಿಗಳು ಇರುವ ಮೆಮೊರಿಯನ್ನೆಲ್ಲ ಬಾಚಿಕೊಳ್ಳುತ್ತಿವೆ ಎಂದು ಎಸ್.ಪಿ. ರೋಡಿನವರು ಹೇಳತೊಡಗಿದರು. ಸೆಲ್ವರಾಜ್ ಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಕೋಲಾರದ ಸೀಮೆಯವನು, ಟೊಮೆಟೊ ರೇಟು ನೋಡಿ ಬೆಳೆದವನು. ಇವತ್ತು ಚಿನ್ನದ ಹಾಗೆ ಇದ್ದದ್ದು ಬರುವ ವಾರ ರಸ್ತೆಗೆ ಸುರಿಯುವಂತಾಗುತ್ತದೆ ಎಂಬುದು ಅವನ ಲೆಕ್ಕ. "ತಾಳು, ಇಳಿಯುತ್ತೆ," ಎಂದ. ಮುಂದಿನ ವಾರವೂ ಅದನ್ನೇ ಅಂದ. ರ‍್ಯಾಮು ಟೊಮೆಟೊ ಆಗಿರಲಿಲ್ಲ. ಅದು ಕೊಳೆಯುವುದಿಲ್ಲ, ಆದ್ದರಿಂದ ಇಳಿಯಲೂ ಇಲ್ಲ. ಕಾರ್ತೀಕದ ನಡುವೆ ಬೆಲೆ ಮೂರು ಪಟ್ಟಾಗಿತ್ತು.

ಆಗ ಅವನು ಮೊದಲ ಬಾರಿಗೆ ಲೆಕ್ಕ ಹಾಕಿದ, ಅವಳ ಐವತ್ತೈದರಲ್ಲಿ ಉಳಿದದ್ದು ರ‍್ಯಾಮಿಗೆ ಸಾಲುತ್ತಿರಲಿಲ್ಲ. ಮನೆಯಲ್ಲಿ ತನ್ನದೇ ಹಳೆಯ ಕಂಪ್ಯೂಟರನ್ನು ಬಿಚ್ಚಿ, ಅದರ ರ‍್ಯಾಮಿನ ಎರಡು ಪಟ್ಟಿಗಳನ್ನು ಕೈಯಲ್ಲಿ ಹಿಡಿದು ಕೂತ. ಅವಳಿಗೆ ಬೇಕಾಗುವಷ್ಟೇ ಇತ್ತು. ಆದರೆ ನಾಲ್ಕನೇ ತಲೆಮಾರಿನದು. ಹಳೆಯ ಬೋರ್ಡೇ ತೆಗೆದುಕೊಂಡಿದ್ದರೆ ಈಗಲೇ ಒಯ್ದು ಕೂರಿಸಿ ಬರಬಹುದಿತ್ತು.

ಅಡುಗೆಮನೆಯಿಂದ ಅವನ ತಾಯಿ ಇಂದ್ರಾಣಿ ಇಣುಕಿದಳು. "ಎನ್ನಡಾ, ಅದನ್ನ ಯಾಕೆ ಪುಳಿಯೋಗರೆ ಪೊಟ್ಟಣ ತರ ಹಿಡ್ಕೊಂಡಿದ್ದೀಯ? ಕೆಟ್ಟೋಯ್ತಾ?"

"ಇಲ್ಲಮ್ಮ, ಚೆನ್ನಾಗಿದೆ," ಎಂದ. ಅದೇ ಸಂಕಟ.

ಮರುದಿನ ಬೆಳಿಗ್ಗೆ ಸುಕನ್ಯಳಿಗೆ ನಿಜ ಹೇಳಬೇಕೆಂದು ಹೊರಟ. ಹೇಳಿದ್ದು ಮಾತ್ರ, "ಸೋಮವಾರದ ತನಕ ತಾಳು." ಕಡಿಮೆ ಬಿದ್ದ ದುಡ್ಡನ್ನು ತಾನೇ ಹಾಕಿ, ಸೋಮವಾರ ಆಫೀಸಿನಿಂದ ಬರುವಾಗ ಕೊಂಡು ತಂದು ಕೊಡುವುದು, ಹಾಗೆ ಕೊಡುವಾಗಲೇ ಎಲ್ಲವನ್ನೂ ಹೇಳುವುದು ಎಂದು ಅವನ ಲೆಕ್ಕ. ಕಂಪನಿಯವರ ತಾರೀಖು ಭಾನುವಾರಕ್ಕೇ ಮುಗಿಯುತ್ತದೆಂದು ಅವಳು ಹೇಳಿದ್ದಳು. ಅವನು ಆ ಹೊತ್ತಿಗೆ ಯಾರದೋ ದನಿ ಅಣಕಿಸುತ್ತಾ ಅದನ್ನು ಕೇಳಿಸಿಕೊಂಡಿರಲಿಲ್ಲ.

ಸುಕನ್ಯ ತಾಳಲಿಲ್ಲ. ಶನಿವಾರ ರಜೆ ಹಾಕಿ, ಬೋರ್ಡು, ಕಾರ್ಡು ಎರಡನ್ನೂ ಸೀರೆ ಅಂಗಡಿಯ ಚೀಲದಲ್ಲಿ ಇಟ್ಟುಕೊಂಡು ಒಬ್ಬಳೇ ಎಸ್.ಪಿ. ರೋಡಿಗೆ ಹೋಗಿ ಬಂದಳು.

ಸೋಮವಾರ ಬಂಗಾರಪೇಟೆಯಲ್ಲಿ ಅವಳು ಹತ್ತಿದಾಗ ಡಬ್ಬಿಯಲ್ಲಿ ಎಂದಿನ ಗಲಾಟೆ. ಟವೆಲ್ಲು ಎತ್ತಿ ಮಡಿಸಿ ಅವನಿಗೆ ಕೊಟ್ಟಳು. ಕೂತಳು.

"ಸೆಲ್ವರಾಜ್, ನಿಮ್ಮತ್ರ ಒಂದು ಮಾತು ಕೇಳ್ಬೇಕು."

'ನಿಮ್ಮ' ಎಂದದ್ದಕ್ಕೆ ಜಯರಾಮಪ್ಪನವರು ಕೂಡ ಎಲೆ ಎಸೆಯುವುದನ್ನು ನಿಲ್ಲಿಸಿದರು.

"ಆ ಮೊದಲ್ನೇ ಡಬ್ಬಿ, ಕಾರ್ಡು ಕೂರಲ್ಲ ಅಂತ ವಾಪಸ್ ಮಾಡ್ಸಿದ್ರಲ್ಲ, ಅಂಥದ್ದೇ ಒಂದು ಶನಿವಾರ ಎಸ್.ಪಿ. ರೋಡಿನ ಅಂಗ್ಡೀಲಿತ್ತು. ನನ್ನ ಕಾರ್ಡನ್ನ ಅದ್ರೊಳಗಿಟ್ಟು ತೋರ್ಸಿದ್ರು. ಕೂತ್ಕೊಂಡು ಇನ್ನೂ ಮೂರು ಬೆರಳು ಜಾಗ ಮಿಕ್ತು."

ಸೆಲ್ವರಾಜನ ಬಾಯಿ ತನ್ನ ಹಳೆಯ ದಾರಿ ಹಿಡಿಯಿತು. ಮೂಗಿನಲ್ಲಿ ದನಿ ತೆಗೆದು, ಅಂಗಡಿಯವನ ಹಾಗೆ, "ಮೇಡಂ, ನಮ್ದೂಕೆ ಅಂಗ್ಡೀಲಿ ಆನೇನೂ ಕೂರ್ಸಿ ಕೊಡ್ತೀವಿ ಮೇಡಂ..." ಎಂದು ಶುರುಮಾಡಿದ. ಯಾರೂ ನಗಲಿಲ್ಲ. ದನಿ ಅರ್ಧಕ್ಕೇ ನಿಂತಿತು.

"ಆಷಾಢದಲ್ಲೇ ಬಂದಿದ್ರೆ ಹಳೇ ಬೋರ್ಡಲ್ಲೇ ಎಲ್ಲಾ ಆಗಿ ಚಿಲ್ರೆ ಮಿಗ್ತಿತ್ತು ಅಂದ್ರು. ಯಾರಮ್ಮಾ ನಿಮ್ಗೆ ಏಳಿದ್ದು ಅಂತ ಕೇಳಿದ್ರು. ನಮ್ಮ ಸ್ನೇಹಿತ್ರು, ಭಾಳ ತಿಳ್ಕೊಂಡೋರು ಅಂದೆ." ಅವಳು ಅವನ ಮುಖವನ್ನೇ ನೋಡಿದಳು. "ತಿಳೀದೆ ಏಳಿದ್ರಾ, ತಿಳ್ದೂ ಏಳಿದ್ರಾ? ತಿಳೀದೆ ಅಂದ್ರೆ ಇಲ್ಲಿಗೇ ಬಿಟ್ಬಿಡ್ತೀನಿ."

ಬಾಗಿಲು ತೆರೆದೇ ಇತ್ತು. ಗೊತ್ತಾಗಲಿಲ್ಲ, ತಪ್ಪಾಯಿತು ಎಂದಿದ್ದರೆ ಅವಳು ಎರಡು ಬೈದು ನಾಳೆಯೂ ಇದೇ ಸೀಟಿನಲ್ಲಿ ಕೂರುತ್ತಿದ್ದಳು. ಅಷ್ಟು ತಿಂಗಳು ನಾಲಗೆಯ ತುದಿಯಲ್ಲೇ ಇದ್ದ ಸುಳ್ಳು ಆವತ್ತು ಏಕೋ ಬರಲಿಲ್ಲ.

"ಗೊತ್ತಿದ್ದೇ ಹೇಳಿದೆ."

"ಯಾಕೆ?"

"ಮೆಷಿನ್ ಬಂದ್ರೆ ನೀನು ಈ ಟ್ರೈನಿಗೆ ಬರ್ತಿರ್ಲಿಲ್ಲ."

ಸುಕನ್ಯ ಕಿಟಕಿಯ ಕಡೆ ತಿರುಗಿದಳು. ಟೇಕಲಿನ ಬಂಡೆಗಳು ಒಂದೊಂದಾಗಿ ಹಿಂದಕ್ಕೆ ಹೋದವು. ಅವಳು ಅಳುತ್ತಾಳೆಂದುಕೊಂಡ. ಅಳಲಿಲ್ಲ.

"ನಾನು ದುಡ್ಡು ಹಾಕ್ತೀನಿ," ಎಂದ ಸೆಲ್ವರಾಜ್. "ಇವತ್ತೇ ತಂದ್ಕೊಡ್ತೀನಿ."

"ರ‍್ಯಾಮಿಗೆ ನನ್ನತ್ರ ದುಡ್ಡು ಸಾಲ್ಲಿಲ್ಲ, ನಿನ್ನೆಗೆ ಅವ್ರ ತಾರೀಖು ಮುಗೀತು. ಫೋನ್ ಮಾಡಿ ಕೇಳ್ಕೊಂಡೆ. ಬೇರೆಯೋರು ಸಿಕ್ಕವ್ರಂತೆ."

"ಇನ್ನೊಂದು ಕಂಪನಿ ನೋಡೋಣ. ಅಲ್ಲಿವರೆಗೂ ನನ್ನ ಮೆಷಿನ್ನಿನ ರ‍್ಯಾಮೇ ಕಿತ್ತು..."

"ಅದು ಇದಕ್ಕೆ ಕೂರಲ್ಲ," ಎಂದಳು ಅವಳು. "ನೀವೇ ಏಳ್ಕೊಟ್ಟಿದ್ದು."

ಆಮೇಲೆ ಅವಳು ಸಣ್ಣ ದನಿಯಲ್ಲಿ, ಕೇಳಬೇಕೆಂದು ಅಲ್ಲ, ತನಗೇ ಅರ್ಥವಾಗಲೆಂಬ ಹಾಗೆ ಕೇಳಿದಳು.

"ಸಂಜೆ ಗಾಡಿ ಬಂಗಾರಪೇಟೇಲಿ ನಿಲ್ತದಲ್ವಾ?"

"ನಿಲ್ಲುತ್ತೆ."

"ಇಳ್ದು ಟೀ ಕುಡ್ಕೊಂಡು ಬರೋಷ್ಟೊತ್ತು ನಿಲ್ತದೆ. ನೀವು ಇಳೀಬೋದಾಗಿತ್ತಲ್ಲ. ಆ ಕೆಲ್ಸ ಸಿಕ್ಕಿದ್ರೆ ನಾನು ಮನೇಲಿರ್ತಿದ್ದೆ. ಬಂದ್ರೆ ಬಾಗ್ಲಾಕ್ಕೊಂತಿದ್ನಾ?"

ದಿನಾ ನಿಲ್ಲುವ ಗಾಡಿ, ದಿನಾ ನೋಡುವ ಪ್ಲಾಟ್‌ಫಾರಂ. ಅಲ್ಲಿ ಇಳಿಯುವುದೂ ಒಂದು ದಾರಿ ಎಂದು ಸೆಲ್ವರಾಜನಿಗೆ ಯಾವತ್ತೂ ಹೊಳೆದಿರಲಿಲ್ಲ. ಅವಳನ್ನು ಹತ್ತಿಸಿಕೊಳ್ಳುವುದು ಗೊತ್ತಿತ್ತೇ ಹೊರತು ತಾನು ಇಳಿಯುವುದು ಗೊತ್ತಿರಲಿಲ್ಲ.

ಮಾಲೂರಿನಲ್ಲಿ ಬುಟ್ಟಿ ಹೊತ್ತ ಅಜ್ಜಿಯೊಬ್ಬಳು ಹತ್ತಿದಳು. ಸುಕನ್ಯ ಎದ್ದು, "ಕೂತ್ಕೊಳಜ್ಜಿ," ಎಂದು ಜಾಗ ಬಿಟ್ಟುಕೊಟ್ಟು, ವೈಟ್‌ಫೀಲ್ಡಿನವರೆಗೂ ಬಾಗಿಲ ಬಳಿ ನಿಂತಳು.

ಮಾರನೆಯ ದಿನದಿಂದ ಅವಳು ಹೆಂಗಸರ ಡಬ್ಬಿಗೆ ಹತ್ತತೊಡಗಿದಳು. ಬಂಗಾರಪೇಟೆಯ ಹೊತ್ತಿಗೆ ಆ ಡಬ್ಬಿಯಲ್ಲಿ ಕೂರಲು ಜಾಗವಿರುವುದಿಲ್ಲ. ಅಲ್ಲಿ ಅವಳಿಗೆ ಟವೆಲ್ಲು ಹಾಕುವವರೂ ಯಾರೂ ಇಲ್ಲ. ಅವಳು ರೈಲಿನಲ್ಲೇ ಇರಬೇಕೆಂದು ಸೆಲ್ವರಾಜ್ ಬಯಸಿದ್ದ, ಇದ್ದಾಳೆ. ದಿನಾ ಬರುತ್ತಾಳೆ. ಎರಡು ಡಬ್ಬಿ ಆಚೆ, ನಿಂತುಕೊಂಡು.

ಡಿಸೆಂಬರಿನಲ್ಲಿ ಒಂದು ದಿನ ಜಯರಾಮಪ್ಪನವರು ಎಲೆ ಕಲಸುತ್ತಾ ಹೇಳಿದರು. "ಅವ್ರಮ್ಮ ಸಂತೇಲಿ ಸಿಕ್ಕಿದ್ರು ಕಣಯ್ಯಾ. ಆ ಗಾಜಿನ ಡಬ್ಬಿ ಐತಲ್ಲ, ಅದ್ರಾಗೆ ದಸರಾ ಗೊಂಬೆ ಜೋಡ್ಸವ್ರಂತೆ. ರಾಜಾ ರಾಣಿ, ಅಂಗ್ಡಿ ಚೆಟ್ಟಿಯಾರು, ಎಲ್ಲಾ ಕರೆಕ್ಟಾಗಿ ಕೂತವ್ರೆ ಅಂದ್ರು." ನಗು ಬರಿಸಬೇಕೆಂದೇ ಹೇಳಿದ್ದು. ಸೆಲ್ವರಾಜ್ ನಗಲಿಲ್ಲ. ಜಯರಾಮಪ್ಪನವರೇ ಮತ್ತೆ, "ಲೇ, ಒಂದ್ ಸಲ ಓಗಿ ಮಾತಾಡೋ. ಆ ಮಡ್ಚಿದ ಟವೆಲ್ಲು ಇಡ್ಕೊಂಡು ಎಷ್ಟು ದಿನಾಂತ ಕೂತಿರ್ತೀಯಾ?" ಎಂದರು.

ಆವತ್ತು ಸಂಜೆ ಗಾಡಿ ಬಂಗಾರಪೇಟೆಯಲ್ಲಿ ನಿಂತಾಗ ಸೆಲ್ವರಾಜ್ ಇಳಿದ. ಆ ಪ್ಲಾಟ್‌ಫಾರಂ ಮೇಲೆ ಅವನು ವರ್ಷಗಳಿಂದ ನೋಡುತ್ತಿದ್ದ ಟೀ ಅಂಗಡಿ, ಕುಡಿಯುವ ನೀರಿನ ನಲ್ಲಿ, ಮೇಲ್ಸೇತುವೆಯ ಮೆಟ್ಟಿಲು, ಎಲ್ಲವೂ ಕಿಟಕಿಯಿಂದ ಕಾಣುವುದಕ್ಕಿಂತ ಸ್ವಲ್ಪ ದೊಡ್ಡದಾಗಿದ್ದವು. ಮೆಟ್ಟಿಲ ಬಳಿ ನಿಂತ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ, ತನ್ನದೇ ದನಿಯಲ್ಲಿ. ಯಾರ ದನಿಯನ್ನಾದರೂ ತೆಗೆಯುವ ಅವನಿಗೆ ತನ್ನ ದನಿಯೇ ಹೊಸದಾಗಿ ಕೇಳಿಸಿತ್ತು.

ಹೆಂಗಸರ ಡಬ್ಬಿಯಿಂದ ಜನ ಇಳಿದು ಬಂದರು. ಅವರ ನಡುವೆ ಸುಕನ್ಯ, ಹೆಗಲಿಗೆ ಚೀಲ, ನಿಂತು ನಿಂತು ಒಂದು ಕಾಲನ್ನು ಸ್ವಲ್ಪ ಎಳೆದು ಹಾಕುವ ನಡಿಗೆ. ಮೆಟ್ಟಿಲಿಗೆ ಅಡ್ಡ ನಿಂತವನನ್ನು ಅವಳು ನೋಡಿದಳು. ನೋಡಲಿಲ್ಲ ಎನ್ನುವಂತಿಲ್ಲ, ಪೂರ್ತಿ ನೋಡಿದಳು.

"ಅಣ್ಣಾ, ಸ್ವಲ್ಪ ಜಾಗ ಬಿಡಿ," ಎಂದಳು.

ಸೆಲ್ವರಾಜ್ ಜಾಗ ಬಿಟ್ಟ. ಅವಳು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ, ಮೇಲ್ಸೇತುವೆಯ ಆಚೆ ಮರೆಯಾದಳು. ಹಿಂದೆ ಗಾಡಿ ಕೂಗಿತು. ಟೀ ಅಂಗಡಿಯವನು, "ಹತ್ರೀ, ಬಿಡ್ತೈತೆ," ಎಂದು ಎಚ್ಚರಿಸಿದ. ಇಳಿದವನು ಮತ್ತೆ ಹತ್ತಿ, ಊರಿಗಾಮಿನ ತನಕ, ಸೀಟುಗಳೆಲ್ಲ ಖಾಲಿಯಾದರೂ, ಬಾಗಿಲ ಬಳಿಯೇ ನಿಂತಿದ್ದ.